ಕಾಣದ ಕವಾಟದ ಅಳತೆ

ಕಮ್ಮಾರನ ತಿದಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಒಳಬದಿಯಲ್ಲಿರುವ ಚರ್ಮದ ಚಿಕ್ಕ ಮುಚ್ಚಳದ ಪರಿಚಯವಿರುತ್ತದೆ. ತಿದಿ ಅರಳಿದಾಗ ಆ ಮುಚ್ಚಳವು ತೆರೆದು ಗಾಳಿಯನ್ನು ಒಳಕ್ಕೆ ಬಿಡುತ್ತದೆ. ತಿದಿಯನ್ನು ಒತ್ತಿದಾಗ ತಾನಾಗಿ ಮುಚ್ಚಿಕೊಂಡು, ಗಾಳಿಯು ಬಂದ ದಾರಿಯಲ್ಲೇ ಹಿಂದಿರುಗದಂತೆ ತಡೆಯುತ್ತದೆ. ಈ ಮುಚ್ಚಳ ಹರಿದರೂ ಕೆಟ್ಟಿತು, ಒಣಗಿ ಬಿರುಸಾದರೂ ಕೆಟ್ಟಿತು. ಆಗ ಕಮ್ಮಾರನು ಎಷ್ಟು ಬಲವಾಗಿ ಒತ್ತಿದರೂ ಕುಲುಮೆಯ ಕೆಂಡ ಕೆಂಪಾಗುವುದಿಲ್ಲ. ಮನುಷ್ಯನ ಹೃದಯದಲ್ಲಿಯೂ ಇಂತಹ ನಾಲ್ಕು ಮುಚ್ಚಳಗಳಿವೆ. ಅವುಗಳನ್ನು ಕವಾಟಗಳೆಂದು ಕರೆಯುತ್ತಾರೆ.

ನಾಲ್ಕರಲ್ಲಿ ಒಂದು ಮಹಾಧಮನಿಯ ಕವಾಟ. ಹೃದಯದ ಎಡಭಾಗದ ಕೆಳಗಿನ ಕೋಣೆಗೆ ಎಡ ಹೃತ್ಕುಕ್ಷಿ ಎಂದು ಹೆಸರು. ಇಡೀ ದೇಹಕ್ಕೆ ಶುದ್ಧರಕ್ತವನ್ನು ನೂಕುವ ಹೊಣೆ ಅದರದು. ಅಲ್ಲಿಂದ ಹೊರಟ ರಕ್ತವು ಮಹಾಧಮನಿಯನ್ನು ಸೇರುವ ಎಡೆಯಲ್ಲಿ ಈ ಕವಾಟವಿದೆ. ಅರ್ಧಚಂದ್ರಾಕಾರದ ಮೂರು ತೆಳುವಾದ ಎಸಳುಗಳು ಕೂಡಿ ಅದು ಆಗಿದೆ. ಹೃತ್ಕುಕ್ಷಿ ಸಂಕುಚಿಸಿದಾಗ ಎಸಳುಗಳು ಗೋಡೆಯ ಕಡೆಗೆ ಸರಿದು ದಾರಿ ಬಿಡುತ್ತವೆ. ಹಿಗ್ಗಿದಾಗ ಒಂದಕ್ಕೊಂದು ತಾಗಿ ಬಾಗಿಲು ಹಾಕುತ್ತವೆ. ಹೃದಯವು ನಿಮಿಷಕ್ಕೆ 70 ಬಾರಿ ಬಡಿಯುವುದೆಂದು ಹಿಡಿದರೆ, ಈ ಬಾಗಿಲು ದಿನವೊಂದಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾರಿ ತೆರೆದು ಮುಚ್ಚಬೇಕು. ಎಪ್ಪತ್ತು ವರ್ಷಗಳ ಆಯುಸ್ಸಿನಲ್ಲಿ ಈ ಸಂಖ್ಯೆ 257 ಕೋಟಿಯನ್ನು ಮುಟ್ಟುತ್ತದೆ. ಇಷ್ಟು ಕಾಲ ಎಣ್ಣೆಯಿಲ್ಲದೆ, ದುರಸ್ತಿಯಿಲ್ಲದೆ ತಿರುಗುವ ಬಾಗಿಲನ್ನು ಯಾವ ಬಡಗಿಯೂ ಇದುವರೆಗೆ ಮಾಡಿಲ್ಲ.

ಎಸಳುಗಳ ಹಿಂದೆ ಮಹಾಧಮನಿಯ ಗೋಡೆಯು ಮೂರು ಕಡೆ ಉಬ್ಬಿ ಬಟ್ಟಲಿನಂತಾಗಿದೆ. ಇಟಲಿಯ ಅಂಗರಚನಾಶಾಸ್ತ್ರಜ್ಞ ವಾಲ್ಸಾಲ್ವನ ಹೆಸರಿನಿಂದ ಈ ಉಬ್ಬುಗಳನ್ನು ಇಂದಿಗೂ ಕರೆಯುತ್ತಾರೆ. ಆದರೆ ಅವನಿಗಿಂತ ಸುಮಾರು ಇನ್ನೂರು ವರ್ಷಗಳಷ್ಟು ಮೊದಲೇ ಚಿತ್ರಕಾರನಾದ ಲಿಯೊನಾರ್ಡೊ ಡ ವಿಂಚಿ ಎತ್ತಿನ ಹೃದಯವನ್ನು ಬಿಡಿಸಿ ಇವುಗಳನ್ನು ಬರೆದಿದ್ದನು. ಕವಾಟದ ಸುತ್ತಣ ಟೊಳ್ಳಿಗೆ ಮೇಣ ಹೊಯ್ದು, ಅದರಿಂದ ಗಾಜಿನ ಅಚ್ಚು ಮಾಡಿ, ಹುಲ್ಲಿನ ಬೀಜ ಬೆರೆಸಿದ ನೀರನ್ನು ಹರಿಸಿದರೆ ಒಳಗಿನ ಸುಳಿಗಳು ಕಾಣುವುವೆಂದು ಆತನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟನು. ಕಣ್ಣಿಗೆ ಕಾಣದ ಕವಾಟವನ್ನು ಕಾಣುವಂತೆ ಮಾಡುವ ಹಂಬಲ ಅಷ್ಟು ಹಳೆಯದು. ಈ ಮೂರು ಉಬ್ಬುಗಳಲ್ಲಿ ಎರಡರಿಂದ ಎರಡು ಸಣ್ಣ ನಾಳಗಳು ಹೊರಡುತ್ತವೆ. ಅವು ಕರೊನರಿ ಧಮನಿಗಳು. ಹೃದಯದ ಸ್ನಾಯುವಿಗೇ ಅನ್ನ ನೀರು ಒದಗಿಸುವ ನಾಳಗಳು. ಅವುಗಳ ಬಾಯಿ ಕವಾಟಕ್ಕೆ ಎಷ್ಟು ಸಮೀಪದಲ್ಲಿದೆ ಎಂಬುದು ಮುಂದೆ ಬಹಳ ಮುಖ್ಯವಾದ ಪ್ರಶ್ನೆಯಾಗಲಿದೆ.

ವಯಸ್ಸಾದಂತೆ ಕೆಲವರಲ್ಲಿ ಈ ಎಸಳುಗಳ ಮೇಲೆ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕೂಡತೊಡಗುತ್ತದೆ. ಬಿಸಿನೀರಿನ ಹಂಡೆಯ ಒಳಗೆ ಕಟ್ಟಿಕೊಳ್ಳುವ ಗಟ್ಟಿ ಪದರದಂತೆ ಅದು ದಪ್ಪವಾಗುತ್ತ ಹೋಗಿ, ರೇಷ್ಮೆಯಂತಿದ್ದ ಎಸಳು ಕಲ್ಲಿನಂತಾಗುತ್ತದೆ. ನೂರರಲ್ಲಿ ಒಬ್ಬಿಬ್ಬರು ಹುಟ್ಟುವಾಗಲೇ ಮೂರರ ಬದಲು ಎರಡು ಎಸಳುಗಳ ಕವಾಟವನ್ನು ಪಡೆದಿರುತ್ತಾರೆ. ಅಂಥವರಲ್ಲಿ ಈ ಕೇಡು ಬೇಗನೆ ಕಾಣಿಸಿಕೊಳ್ಳುತ್ತದೆ. ಆರೋಗ್ಯವಂತನ ಕವಾಟವು ಪೂರ್ತಿ ತೆರೆದಾಗ ಅದರ ದ್ವಾರವು 3ರಿಂದ 4 ಚದರ ಸೆಂಟಿಮೀಟರುಗಳಷ್ಟಿರುತ್ತದೆ. ಅದು 1 ಚದರ ಸೆಂಟಿಮೀಟರಿಗಿಂತ ಕಿರಿದಾದರೆ ರೋಗವು ತೀವ್ರವಾಗಿದೆಯೆಂದು ವೈದ್ಯರು ತಿಳಿಯುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯಲ್ಲಿ ನೋವು, ಇದ್ದಕ್ಕಿದ್ದಂತೆ ಕಣ್ಣು ಕತ್ತಲಿಟ್ಟು ಬೀಳುವುದು, ಇವು ಇದರ ಲಕ್ಷಣಗಳು. ಲಕ್ಷಣಗಳು ತೋರಿದ ಬಳಿಕ ಚಿಕಿತ್ಸೆಯಿಲ್ಲದಿದ್ದರೆ ಎರಡರಿಂದ ಐದು ವರ್ಷಗಳಿಗಿಂತ ಹೆಚ್ಚು ಕಾಲ ಬದುಕುವವರು ವಿರಳವೆಂದು ರಾಸ್ ಮತ್ತು ಬ್ರೌನ್‌ವಾಲ್ಡ್ ಎಂಬ ಅಮೆರಿಕದ ವೈದ್ಯರು 1968ರಲ್ಲಿ ತೋರಿಸಿಕೊಟ್ಟರು. ಕಲ್ಲಾದ ಕವಾಟವನ್ನು ಕರಗಿಸಿ ಮತ್ತೆ ಮೃದುವಾಗಿಸುವ ಔಷಧ ಇಂದಿಗೂ ಇಲ್ಲ. ಕವಾಟವನ್ನೇ ಬದಲಿಸಬೇಕು.

1960ರಿಂದ ಈಚೆಗೆ ಶಸ್ತ್ರವೈದ್ಯರು ಇದನ್ನು ಮಾಡುತ್ತ ಬಂದಿದ್ದಾರೆ. ಎದೆಯ ಮೂಳೆಯನ್ನು ಸೀಳಿ, ರಕ್ತ ಹರಿಸುವ ಕೆಲಸವನ್ನು ಯಂತ್ರವೊಂದಕ್ಕೆ ವಹಿಸಿ, ಹೃದಯವನ್ನು ನಿಲ್ಲಿಸಿ, ಮಹಾಧಮನಿಯನ್ನು ತೆರೆಯುತ್ತಾರೆ. ಕೆಟ್ಟ ಕವಾಟ ಅವರ ಕಣ್ಣೆದುರಿಗೇ ಇರುತ್ತದೆ. ಅದನ್ನು ಕತ್ತರಿಸಿ ತೆಗೆದು, ಉಳಿದ ದ್ವಾರದೊಳಗೆ ಬೇರೆಬೇರೆ ಗಾತ್ರದ ಅಳತೆಯ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು ನೋಡುತ್ತಾರೆ. ಯಾವುದು ಸರಿಯಾಗಿ ಕೂರುವುದೋ ಆ ಗಾತ್ರದ ಕೃತಕ ಕವಾಟವನ್ನು ಹೊಲಿಯುತ್ತಾರೆ. ಬಳೆಗಾರನು ಕೈಯನ್ನು ಒತ್ತಿ ನೋಡಿ, ಒಂದು ಬಳೆ ಏರದಿದ್ದರೆ ಮತ್ತೊಂದನ್ನು ತೊಡಿಸುವಂತೆ, ತಪ್ಪಿದರೆ ತಿದ್ದಿಕೊಳ್ಳಲು ಇಲ್ಲಿ ಅವಕಾಶವಿದೆ. ಆದರೆ ಎಂಬತ್ತು ದಾಟಿದವರು, ಮೂತ್ರಪಿಂಡವೋ ಶ್ವಾಸಕೋಶವೋ ದುರ್ಬಲವಾದವರು ಇಂತಹ ಶಸ್ತ್ರಚಿಕಿತ್ಸೆಯನ್ನು ತಾಳಲಾರರು. ಈ ರೋಗ ಹೆಚ್ಚಾಗಿ ಬರುವುದು ಅವರಿಗೇ.

ಅವರಿಗಾಗಿ ಫ್ರಾನ್ಸಿನ ರುವಾನ್ ನಗರದ ವೈದ್ಯ ಅಲೆನ್ ಕ್ರಿಬಿಯೆ 1985ರಲ್ಲಿ ಒಂದು ಉಪಾಯವನ್ನು ಹೂಡಿದನು. ಕ್ಯಾಥೆಟರ್ ಎಂಬ ಉದ್ದನೆಯ ಸಣ್ಣ ಕೊಳವೆಯ ಮೂಲಕ ಬಲೂನೊಂದನ್ನು ಕವಾಟದ ಒಳಗೆ ಸೇರಿಸಿ ಉಬ್ಬಿಸಿದರೆ ಅಂಟಿಕೊಂಡ ಎಸಳುಗಳು ಬಿಡಿಸಿಕೊಳ್ಳುತ್ತಿದ್ದವು. ರೋಗಿಗೆ ಒಡನೆಯೇ ನೆಮ್ಮದಿಯಾಗುತ್ತಿತ್ತು. ಆದರೆ ಅನೇಕರಲ್ಲಿ ಒಂದು ವರ್ಷ ತುಂಬುವಷ್ಟರಲ್ಲಿ ಕವಾಟವು ಮತ್ತೆ ಮೊದಲಿನಂತೆ ಕಿರಿದಾಯಿತು. ತೆರೆದ ಬಾಗಿಲು ಮುಚ್ಚದಂತೆ ಏನಾದರೊಂದನ್ನು ಅಲ್ಲಿ ಇರಿಸಬೇಕು ಎಂಬ ಯೋಚನೆ ಹೀಗೆ ಹುಟ್ಟಿತು. ಡೆನ್ಮಾರ್ಕಿನ ತರುಣ ವೈದ್ಯ ಹೆನಿಂಗ್ ರುಡ್ ಆಂಡರ್ಸನ್ ಇದೇ ದಿಕ್ಕಿನಲ್ಲಿ ಬೇರೆಯಾಗಿ ಯೋಚಿಸುತ್ತಿದ್ದನು. ಆತನು ಲೋಹದ ತಂತಿಯನ್ನು ಕೈಯಿಂದಲೇ ಬಗ್ಗಿಸಿ ಜಾಲರಿ ಮಾಡಿ, ಅದರೊಳಗೆ ಹಂದಿಯ ಹೃದಯದಿಂದ ತೆಗೆದ ಕವಾಟವನ್ನು ಹೊಲಿದು, ಇಡಿಯಾಗಿ ಬಲೂನಿನ ಮೇಲೆ ಮಡಿಸಿದನು. 1989ರ ಮೇ 1ರಂದು ಜೀವಂತ ಹಂದಿಯೊಂದರ ಹೃದಯದಲ್ಲಿ ಆ ಜಾಲರಿ ಅರಳಿತು.

ಮನುಷ್ಯರಲ್ಲಿ ಇದು ಸಾಧ್ಯವೆಂದು ಆಗ ನಂಬಿದವರು ಕಡಿಮೆ. ಜಾಲರಿಯು ಕರೊನರಿ ಧಮನಿಗಳ ಬಾಯಿಯನ್ನು ಮುಚ್ಚಿಬಿಡದೆ? ಪಕ್ಕದ ಇನ್ನೊಂದು ಕವಾಟಕ್ಕೆ ತಗುಲದೆ? ಹೊಲಿಗೆಯಿಲ್ಲದೆ ಕೂರಿಸಿದ್ದು ರಕ್ತದ ರಭಸಕ್ಕೆ ಜಾರಿಹೋಗದೆ? ಇವು ಅಡ್ಡಮಾತುಗಳಲ್ಲ, ಸರಿಯಾದ ಪ್ರಶ್ನೆಗಳೇ ಆಗಿದ್ದವು. ಕ್ರಿಬಿಯೆ ಇವುಗಳಿಗೆ ಉತ್ತರವನ್ನು ಹುಡುಕಿದ್ದು ಮೃತರ ಹೃದಯಗಳಲ್ಲಿ. ಈ ರೋಗವಿದ್ದು ಸತ್ತ ಹನ್ನೆರಡು ಮಂದಿಯ ಹೃದಯಗಳಲ್ಲಿ 23 ಮಿಲಿಮೀಟರ್ ವ್ಯಾಸದ ಜಾಲರಿಯನ್ನು ಅರಳಿಸಿ, ಅಕ್ಕಪಕ್ಕದ ಭಾಗಗಳಿಗೆ ಅದು ಎಷ್ಟೆಷ್ಟು ದೂರದಲ್ಲಿ ನಿಲ್ಲುತ್ತದೆಂದು ಅಳೆದನು. ಜಾಲರಿಯ ಎತ್ತರವನ್ನು ಮಿತಿಯಲ್ಲಿಟ್ಟರೆ ಧಮನಿಗಳ ಬಾಯಿಗೆ ಅಡ್ಡಿಯಾಗದೆಂದೂ, ಸುಣ್ಣಗಟ್ಟಿದ ಎಸಳುಗಳೇ ಅದನ್ನು ಬಿಗಿಯಾಗಿ ಹಿಡಿಯುತ್ತವೆಂದೂ ಕಂಡುಬಂದಿತು. ಕವಾಟವನ್ನು ಮೃದುವಾಗಿಯೇ ಉಳಿಸಬಲ್ಲ ಚಿಕಿತ್ಸೆ ಇಲ್ಲದ್ದರಿಂದ ಸುಣ್ಣವನ್ನೇ ಮೊಳೆಯಂತೆ ಬಳಸಿಕೊಳ್ಳುವ ಈ ಯುಕ್ತಿ ಮೆಚ್ಚತಕ್ಕದ್ದು.

2002ರ ಏಪ್ರಿಲ್ 16ರಂದು ರುವಾನಿನಲ್ಲಿ 57 ವರ್ಷದ ರೋಗಿಯೊಬ್ಬನಿಗೆ ಮೊಟ್ಟಮೊದಲ ಬಾರಿಗೆ ಈ ವಿಧಾನದಿಂದ ಕವಾಟವನ್ನು ಅಳವಡಿಸಲಾಯಿತು. ಅವನ ರಕ್ತದ ಒತ್ತಡ ಕುಸಿದುಹೋಗಿತ್ತು. ಶಸ್ತ್ರಚಿಕಿತ್ಸೆಗೆ ಯಾರೂ ಒಪ್ಪುವಂತಿರಲಿಲ್ಲ. ಅವನ ಕಾಲುಗಳ ಧಮನಿಗಳು ರೋಗದಿಂದ ಕಟ್ಟಿಹೋಗಿದ್ದುದರಿಂದ ಆ ದಾರಿಯೂ ಇರಲಿಲ್ಲ. ಕೊನೆಗೆ ತೊಡೆಯ ಅಭಿಧಮನಿಯಿಂದ ಹೃದಯದ ಬಲಭಾಗಕ್ಕೆ ಹೋಗಿ, ನಡುಗೋಡೆಯನ್ನು ಚುಚ್ಚಿ ಎಡಭಾಗಕ್ಕೆ ದಾಟಿ, ಸುತ್ತುಬಳಸಿನ ದಾರಿಯಲ್ಲಿ ಕವಾಟವನ್ನು ತಲುಪಬೇಕಾಯಿತು. ಹೊಸ ಕವಾಟವು ಚೆನ್ನಾಗಿ ಕೆಲಸ ಮಾಡಿತು. ಆದರೆ ರೋಗಿ 17 ವಾರಗಳ ಬಳಿಕ ತೀರಿಕೊಂಡನು. ಕಾಲಿನ ರೋಗ ಉಲ್ಬಣಿಸಿ ಕಾಲನ್ನು ತೆಗೆಯಬೇಕಾಗಿ ಬಂದುದೂ ಆ ಗಾಯ ಮಾಯದೆ ಸೋಂಕು ತಗುಲಿದುದೂ ಸಾವಿಗೆ ಕಾರಣ, ಕವಾಟವಲ್ಲ. ಮುಂದೆ ಈ ಚಿಕಿತ್ಸೆ ಬೆಳೆಯಿತು. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಹಳೆಯ ಉಪಚಾರ ಪಡೆದ ನೂರು ಮಂದಿಯಲ್ಲಿ ಸುಮಾರು 51 ಮಂದಿ ಒಂದು ವರ್ಷದೊಳಗೆ ತೀರಿಕೊಂಡರೆ, ಹೊಸ ಕವಾಟ ಪಡೆದ ನೂರು ಮಂದಿಯಲ್ಲಿ ಆ ಸಂಖ್ಯೆ 31ಕ್ಕೆ ಇಳಿದಿತ್ತು.

ಈ ವಿಧಾನದಲ್ಲಿ ಹಳೆಯ ಕವಾಟವನ್ನು ಕತ್ತರಿಸಿ ತೆಗೆಯುವುದಿಲ್ಲ. ಲೋಹದ ಜಾಲರಿಯೊಳಗೆ ದನದ ಅಥವಾ ಹಂದಿಯ ಹೃದಯಚೀಲದ ಪೊರೆಯಿಂದ ಮಾಡಿದ ಮೂರು ಎಸಳುಗಳನ್ನು ಹೊಲಿದು, ಮಡಿಸಿದ ಕೊಡೆಯಂತೆ ಕ್ಯಾಥೆಟರಿನ ತುದಿಗೆ ಬಿಗಿಯುತ್ತಾರೆ. ಸಾಮಾನ್ಯವಾಗಿ ತೊಡೆಯ ಸಂದಿನ ಧಮನಿಯಿಂದ ಅದನ್ನು ಮೇಲಕ್ಕೆ ನೂಕಿ, ಕೆಟ್ಟ ಕವಾಟದ ನಡುವೆ ತಂದು ಅರಳಿಸುತ್ತಾರೆ. ಕೆಲವು ಜಾಲರಿಗಳನ್ನು ಬಲೂನು ಅರಳಿಸುತ್ತದೆ, ಕೆಲವು ತಾವೇ ಅರಳಿಕೊಳ್ಳುತ್ತವೆ. ಹಳೆಯ ಎಸಳುಗಳು ಗೋಡೆಗೆ ಒತ್ತಿಕೊಂಡು ಅಲ್ಲಿಯೇ ಉಳಿಯುತ್ತವೆ. ಬಲೂನನ್ನು ಉಬ್ಬಿಸುವ ಕೆಲವು ಕ್ಷಣಗಳಲ್ಲಿ ಹೃದಯವನ್ನು ವಿದ್ಯುತ್ತಿನ ಪ್ರಚೋದನೆಯಿಂದ ನಿಮಿಷಕ್ಕೆ ಸುಮಾರು 180 ಬಾರಿ ಬಡಿಯುವಂತೆ ಮಾಡುತ್ತಾರೆ. ಅಷ್ಟು ವೇಗದಲ್ಲಿ ಅದು ರಕ್ತವನ್ನು ಸರಿಯಾಗಿ ನೂಕಲಾರದು. ಆದ್ದರಿಂದ ಕವಾಟ ಅಲುಗದೆ ನಿಲ್ಲುತ್ತದೆ. ಒಮ್ಮೆ ಪೂರ್ತಿ ಅರಳಿದ ಬಲೂನಿನ ಕವಾಟವನ್ನು ಹಿಂದಕ್ಕೆ ಮಡಿಸಿ ತೆಗೆಯಲಾಗುವುದಿಲ್ಲ. ಬಳೆಗಾರನಿಗಿದ್ದ ಅವಕಾಶ ಇಲ್ಲಿಲ್ಲ. ವೈದ್ಯನ ಕಣ್ಣಿಗೆ ಕವಾಟ ಕಾಣುವುದಿಲ್ಲ. ಕ್ಷ-ಕಿರಣದ ಪರದೆಯ ಮೇಲೆ ಬಡಿಯುವ ಹೃದಯದ ಮಸುಕು ನೆರಳು ಮಾತ್ರ ಕಾಣುತ್ತದೆ. ಆದ್ದರಿಂದ ಅಳತೆಯೆಲ್ಲವೂ ಮುಂಚಿತವಾಗಿಯೇ, ರೋಗಿಯ ದೇಹಕ್ಕೆ ಸೂಜಿ ತಾಗುವ ಮೊದಲೇ ಮುಗಿದಿರಬೇಕು.

ಮೊದಲ ವರ್ಷಗಳಲ್ಲಿ ಈ ಅಳತೆಯನ್ನು ಮುಖ್ಯವಾಗಿ ಎಕೋ ಯಂತ್ರದಿಂದ ಪಡೆಯುತ್ತಿದ್ದರು. ಮನುಷ್ಯನ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಎದೆಯೊಳಕ್ಕೆ ಕಳುಹಿಸಿ, ಹಿಂದಿರುಗಿದ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ಯಂತ್ರವಿದು. ಕವಾಟದ ಚಲನೆಯನ್ನು, ರಕ್ತದ ವೇಗವನ್ನು ತೋರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ರೋಗವನ್ನು ಗುರುತಿಸುವುದು ಈಗಲೂ ಇದರಿಂದಲೇ. ಆದರೆ ಸಾಮಾನ್ಯ ಎಕೋ ಚಿತ್ರವು ದ್ವಾರದ ಒಂದು ಅಡ್ಡಗೆರೆಯನ್ನು ಮಾತ್ರ ತೋರಿಸುತ್ತದೆ. ಆ ಒಂದು ಗೆರೆಯನ್ನು ವ್ಯಾಸವೆಂದು ಹಿಡಿದು, ದ್ವಾರವು ದುಂಡಗಿದೆಯೆಂದು ಭಾವಿಸಿ, ಕವಾಟವನ್ನು ಆರಿಸುತ್ತಿದ್ದರು. ದ್ವಾರವು ದುಂಡಗಿಲ್ಲ. ಹೆಚ್ಚಿನವರಲ್ಲಿ ಅದು ಕೋಳಿಮೊಟ್ಟೆಯಂತೆ ಒಂದು ಕಡೆಗೆ ಉದ್ದ. ಎಕೋದಲ್ಲಿ ಕಾಣುತ್ತಿದ್ದುದು ಬಹುಮಟ್ಟಿಗೆ ಅದರ ಕಿರಿಯ ಅಗಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದ್ವಾರದ ಕಿರಿಯ ಅಗಲ 22 ಮಿಲಿಮೀಟರ್, ಹಿರಿಯ ಅಗಲ 28 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಕಿರಿಯ ಅಗಲವನ್ನಷ್ಟೇ ಕಂಡವನು ದುಂಡು ದ್ವಾರದ ಅರ್ಧವ್ಯಾಸ 11 ಎಂದು ತಿಳಿದು, ಅದರ ಕ್ಷೇತ್ರಫಲವನ್ನು 22/7 × 11 × 11, ಎಂದರೆ ಸುಮಾರು 380 ಚದರ ಮಿಲಿಮೀಟರ್ ಎಂದು ಎಣಿಸುತ್ತಾನೆ. 23 ಮಿಲಿಮೀಟರಿನ ಕವಾಟ ಅರಳಿದಾಗ ಸುಮಾರು 415 ಚದರ ಮಿಲಿಮೀಟರುಗಳನ್ನು ತುಂಬುವುದರಿಂದ ಅದೇ ಸಾಕೆಂದು ತೀರ್ಮಾನಿಸುತ್ತಾನೆ. ಆದರೆ ಅಂಡಾಕೃತಿಯ ಕ್ಷೇತ್ರಫಲಕ್ಕೆ ಎರಡು ಅರ್ಧ ಅಗಲಗಳನ್ನೂ ಗುಣಿಸಬೇಕು: 22/7 × 11 × 14. ಇದು 484 ಚದರ ಮಿಲಿಮೀಟರ್. 484ರ ದ್ವಾರದಲ್ಲಿ 415ರ ಕವಾಟವು ಸಡಿಲವಾದ ಬಿರಡೆಯಂತೆ ಕೂರುತ್ತದೆ. ಈ ರೋಗಿಗೆ ಬೇಕಾಗಿದ್ದುದು 531 ಚದರ ಮಿಲಿಮೀಟರ್ ತುಂಬುವ 26ರ ಕವಾಟ. ಜಾಲರಿಯು ಗೋಡೆಗೆ ಒತ್ತಿ ನಿಲ್ಲಬೇಕಾದ್ದರಿಂದ ಕವಾಟವು ದ್ವಾರಕ್ಕಿಂತ ಸ್ವಲ್ಪ ದೊಡ್ಡದೇ ಇರಬೇಕು.

ಸಡಿಲವಾದರೆ ಜಾಲರಿಯ ಹೊರಮೈಯ ಪಕ್ಕದಿಂದ ರಕ್ತವು ಹಿಂದಕ್ಕೆ ಸೋರುತ್ತದೆ. ಇದನ್ನು ಅಲ್ಪ ದೋಷವೆಂದು ಮೊದಲು ಎಣಿಸಿದ್ದರು. ಮೇಲೆ ಹೇಳಿದ ಪರೀಕ್ಷೆಯ ಭಾಗವಾಗಿಯೇ, ಶಸ್ತ್ರಚಿಕಿತ್ಸೆಯು ಅಪಾಯಕರವಾಗಿದ್ದ ರೋಗಿಗಳನ್ನು ಎರಡು ವರ್ಷ ಕಾಲ ಗಮನಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ಸ್ವಲ್ಪವೇ ಸೋರುವ ರೋಗಿಗಳಲ್ಲಿಯೂ ಸಾವು ಹೆಚ್ಚೆಂದು ತಿಳಿದುಬಂದಿತು. ಹಾಗೆಂದು ತೀರ ದೊಡ್ಡ ಕವಾಟವನ್ನು ಇಟ್ಟರೆ ಸುಣ್ಣಗಟ್ಟಿದ ಗೋಡೆಯೇ ಬಿರಿಯಬಹುದು. ನೂರರಲ್ಲಿ ಒಬ್ಬರಿಗೆ ಸಂಭವಿಸುವಷ್ಟು ಅಪರೂಪವಾದರೂ ಈ ಆಪತ್ತು ಬಹಳ ಮಂದಿಯನ್ನು ಅಲ್ಲಿಯೇ ಬಲಿತೆಗೆದುಕೊಳ್ಳುತ್ತದೆ. ಕಿರಿದಾದರೆ ಸೋರಿಕೆ, ಹಿರಿದಾದರೆ ಬಿರುಕು. ಎರಡರ ನಡುವಣ ಅಂತರ ಎರಡು ಮೂರು ಮಿಲಿಮೀಟರುಗಳಷ್ಟೆ.

ಈ ಮಿಲಿಮೀಟರುಗಳನ್ನು ಸರಿಯಾಗಿ ಕಾಣಲು ನೆರವಾದುದು ಸಿ.ಟಿ. ಸ್ಕ್ಯಾನ್. ಸಾಮಾನ್ಯ ಕ್ಷ-ಕಿರಣದ ಚಿತ್ರದಲ್ಲಿ ಮುಂದಿನದು ಹಿಂದಿನದು ಒಂದರ ಮೇಲೊಂದು ಬಿದ್ದು ನೆರಳು ಬೆರೆತುಹೋಗುತ್ತದೆ. ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ದೇಹದ ಸುತ್ತ ಎಲ್ಲ ದಿಕ್ಕುಗಳಿಂದಲೂ ಕಿರಣಗಳನ್ನು ಹಾಯಿಸಿ, ಪ್ರತಿ ದಿಕ್ಕಿನಲ್ಲಿ ಎಷ್ಟು ಕಿರಣ ಹೀರಿಹೋಯಿತೆಂಬುದನ್ನು ಕಂಪ್ಯೂಟರಿಗೆ ಒಪ್ಪಿಸಿ, ಒಳಗಿನ ಒಂದು ಬಿಲ್ಲೆಯ ಚಿತ್ರವನ್ನು ಕಟ್ಟುವ ಯಂತ್ರವನ್ನು ರಚಿಸಿದನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ರೋಗಿಯೊಬ್ಬಳ ಮಿದುಳನ್ನು ಅದರಿಂದ ನೋಡಲಾಯಿತು. ಇದೇ ಲೆಕ್ಕದ ಹಾದಿಯನ್ನು ಮೊದಲೇ ಕಂಡಿದ್ದ ಆಲನ್ ಕಾರ್ಮ್ಯಾಕನೊಡನೆ 1979ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಮೊದಲ ಯಂತ್ರಕ್ಕೆ ಒಂದು ಸಲದ ಚಿತ್ರಕ್ಕೇ ಹಲವು ನಿಮಿಷಗಳು ಬೇಕಾಗುತ್ತಿದ್ದವು. ಮಿದುಳು ಸುಮ್ಮನಿರುತ್ತದೆ, ಹೃದಯ ಸುಮ್ಮನಿರುವುದಿಲ್ಲ. ಒಂದು ಸುತ್ತನ್ನು ಸೆಕೆಂಡಿಗಿಂತ ಬಹಳ ಕಡಿಮೆ ಕಾಲದಲ್ಲಿ ಮುಗಿಸಿ, ಒಂದೇ ಸುತ್ತಿನಲ್ಲಿ 64 ಬಿಲ್ಲೆಗಳನ್ನು ಹಿಡಿಯುವ ಯಂತ್ರಗಳು 2004ರ ವೇಳೆಗೆ ಬಂದ ಮೇಲೆಯೇ ಹೃದಯದ ಚಿತ್ರಣವು ಆಸ್ಪತ್ರೆಗಳ ದಿನನಿತ್ಯದ ಕೆಲಸವಾಗತೊಡಗಿತು.

ಇಂದು ರೋಗಿಯನ್ನು ಮಲಗಿಸಿ, ಕೈಯ ರಕ್ತನಾಳಕ್ಕೆ ಅಯೋಡಿನ್ ಸೇರಿದ ದ್ರವವನ್ನು ಕೊಡುತ್ತಾರೆ. ಅದು ಬೆರೆತ ರಕ್ತವು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ರೋಗಿ ಕೆಲವು ಸೆಕೆಂಡು ಉಸಿರು ಹಿಡಿಯಬೇಕು. ಎದೆಗೆ ಅಂಟಿಸಿದ ಇ.ಸಿ.ಜಿ. ತಂತಿಗಳು ಹೃದಯದ ಬಡಿತವನ್ನು ಯಂತ್ರಕ್ಕೆ ತಿಳಿಸುತ್ತಿರುತ್ತವೆ. ಬಡಿತದ ಯಾವ ಹಂತದ ಚಿತ್ರ ಬೇಕೋ ಅದನ್ನು ಇದರಿಂದ ಆರಿಸಿಕೊಳ್ಳಬಹುದು. ಹೃದಯ ಸಂಕುಚಿಸಿ ರಕ್ತವು ಹೊರಹೊಮ್ಮುವಾಗ ದ್ವಾರವು ಸಾಮಾನ್ಯವಾಗಿ ಅತ್ಯಂತ ದೊಡ್ಡದಾಗಿರುವುದರಿಂದ ಆ ಹಂತದಲ್ಲಿಯೇ ಅಳೆಯುತ್ತಾರೆ. ಒಂದು ಮಿಲಿಮೀಟರಿಗಿಂತ ತೆಳುವಾದ ನೂರಾರು ಬಿಲ್ಲೆಗಳು ಹೀಗೆ ದೊರೆಯುತ್ತವೆ. ಇವನ್ನು ಜೋಡಿಸಿದ ಕಂಪ್ಯೂಟರು ಹೃದಯವನ್ನು ಬೇಕಾದ ದಿಕ್ಕಿನಿಂದ ಕೊಯ್ದು ತೋರಿಸಬಲ್ಲದು.

ಕೊಯ್ಯುವ ದಿಕ್ಕಿನಲ್ಲಿಯೇ ಜಾಣತನವಿರುವುದು. ಸೌತೆಕಾಯಿಯನ್ನು ನೇರವಾಗಿ ಅಡ್ಡ ಕೊಯ್ದರೆ ದುಂಡು ಬಿಲ್ಲೆ ಬರುತ್ತದೆ. ಓರೆಯಾಗಿ ಕೊಯ್ದರೆ ಉದ್ದನೆಯ ಬಿಲ್ಲೆ ಬರುತ್ತದೆ. ಕಾಯಿ ಒಂದೇ, ಅಳತೆ ಬೇರೆ. ಮಹಾಧಮನಿಯು ದೇಹದೊಳಗೆ ನೆಟ್ಟಗೆ ನಿಂತಿಲ್ಲ, ಓರೆಯಾಗಿ ಮೇಲೇರುತ್ತದೆ. ಆದ್ದರಿಂದ ಯಂತ್ರ ಕೊಟ್ಟ ಬಿಲ್ಲೆಗಳ ಮೇಲೆ ಹಾಗೆಯೇ ಅಳತೆಪಟ್ಟಿ ಇಟ್ಟರೆ ತಪ್ಪುತ್ತದೆ. ಇನ್ನೊಂದು ತೊಡಕೂ ಇದೆ. ಅಳೆಯಬೇಕಾದ ಉಂಗುರವು ದೇಹದಲ್ಲಿ ಉಂಗುರವಾಗಿ ಎಲ್ಲಿಯೂ ಇಲ್ಲ! ಮೂರು ಎಸಳುಗಳು ಗೋಡೆಗೆ ಅಂಟಿರುವ ಗೆರೆಯು ಮೂರು ಕಮಾನುಗಳ ಕಿರೀಟದಂತೆ ಏರಿಳಿಯುತ್ತದೆ. ಪ್ರತಿ ಎಸಳಿನ ಅತ್ಯಂತ ಕೆಳಗಿನ ಬಿಂದುವನ್ನು ಗುರುತಿಸಿ, ಆ ಮೂರು ಬಿಂದುಗಳ ಮೂಲಕ ಹಾಯುವ ಸಮತಲದಲ್ಲಿ ವೈದ್ಯರು ಉಂಗುರವನ್ನು ಕಲ್ಪಿಸಿಕೊಳ್ಳುತ್ತಾರೆ. ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾಯುತ್ತದೆಂಬ ರೇಖಾಗಣಿತದ ಮಾತು ಇಲ್ಲಿ ಒಬ್ಬನ ಪ್ರಾಣಕ್ಕೆ ಸಂಬಂಧಿಸಿದ್ದಾಗಿದೆ. ಆ ಸಮತಲದಲ್ಲಿ ದ್ವಾರದ ಅಂಚನ್ನು ಸುತ್ತಲೂ ಗುರುತಿಸಿ ಕ್ಷೇತ್ರಫಲವನ್ನೂ ಸುತ್ತಳತೆಯನ್ನೂ ಕಂಡುಹಿಡಿಯುತ್ತಾರೆ.

ಅಲ್ಲಿಂದ ಮೇಲಕ್ಕೆ ಕರೊನರಿ ಧಮನಿಗಳ ಬಾಯಿಯವರೆಗಿನ ಎತ್ತರವನ್ನು ಅಳೆಯುತ್ತಾರೆ. ಈ ಎತ್ತರವು 10ರಿಂದ 12 ಮಿಲಿಮೀಟರುಗಳಿಗಿಂತ ಕಡಿಮೆಯಿದ್ದು, ಉಬ್ಬು ಬಟ್ಟಲುಗಳೂ ಇಕ್ಕಟ್ಟಾಗಿದ್ದರೆ, ಗೋಡೆಗೆ ಒತ್ತಲ್ಪಟ್ಟ ಹಳೆಯ ಎಸಳು ಆ ಬಾಯಿಯನ್ನು ಮುಚ್ಚಿಬಿಡಬಹುದು. ಹಾಗಾದರೆ ಹೃದಯಕ್ಕೆ ರಕ್ತವೇ ಇಲ್ಲ. ಕ್ರಿಬಿಯೆಯನ್ನು ಅಂದು ಪ್ರಶ್ನಿಸಿದವರ ಭಯ ಇದೇ ಆಗಿತ್ತು; ಈಗ ಅದಕ್ಕೆ ಪ್ರತಿಯೊಬ್ಬ ರೋಗಿಯಲ್ಲಿಯೂ ಬೇರೆಬೇರೆಯಾಗಿ ಉತ್ತರ ದೊರೆಯುತ್ತದೆ. ಸುಣ್ಣದ ಗಂಟುಗಳು ಎಲ್ಲಿವೆ ಎಂಬುದೂ ಕಾಣುತ್ತದೆ. ಎಸಳುಗಳ ಮೇಲಿನ ಸುಣ್ಣ ಜಾಲರಿಯನ್ನು ಹಿಡಿಯುತ್ತದೆ. ಉಂಗುರದ ಕೆಳಗಿನ ಗೋಡೆಯಲ್ಲಿರುವ ಗಂಟು ಮೊನೆಯಾದ ಕಲ್ಲಿನಂತೆ ಗೋಡೆಯನ್ನೇ ಸೀಳಬಹುದು. ಕವಾಟದ ತೀರ ಕೆಳಗೆ, ಹೃದಯದ ಬಡಿತದ ಆಜ್ಞೆಯನ್ನು ಒಯ್ಯುವ ತಂತುಗಳ ಕಟ್ಟು ಹಾಯ್ದುಹೋಗುತ್ತದೆ. ಅದು ಚಿತ್ರದಲ್ಲಿ ಕಾಣದು. ಆದರೆ ಅದರ ಬಳಿಯ ತೆಳುಪೊರೆಯ ಉದ್ದವನ್ನು ಅಳೆದರೆ ಜಾಲರಿ ಅದನ್ನು ಒತ್ತುವ ಸಂಭವವೆಷ್ಟೆಂದು ಊಹಿಸಬಹುದು. ಒತ್ತಿದರೆ ಬಡಿತ ನಿಧಾನವಾಗಿ, ರೋಗಿಗೆ ಪೇಸ್‌ಮೇಕರ್ ಯಂತ್ರವನ್ನು ಇಡಬೇಕಾಗುತ್ತದೆ.

ಕವಾಟವಷ್ಟೇ ಸಾಲದು, ಅಲ್ಲಿಗೆ ಹೋಗುವ ದಾರಿಯನ್ನೂ ನೋಡಬೇಕು. ಅದೇ ಸ್ಕ್ಯಾನನ್ನು ತೊಡೆಯ ಸಂದಿನವರೆಗೆ ಮುಂದುವರಿಸುತ್ತಾರೆ. ಕ್ಯಾಥೆಟರುಗಳ ದಪ್ಪವನ್ನು ಫ್ರೆಂಚ್ ಎಂಬ ಮಾನದಿಂದ ಹೇಳುವುದು ವಾಡಿಕೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಮೊದಲ ವರ್ಷಗಳಲ್ಲಿ ಬೇಕಾಗಿದ್ದ 24 ಫ್ರೆಂಚಿನ ಕೊಳವೆಯ ಒಳವ್ಯಾಸವೇ 8 ಮಿಲಿಮೀಟರ್. ಈಗ 14 ಫ್ರೆಂಚಿನ ಕೊಳವೆಗಳಿವೆ. ಆದರೂ ಧಮನಿಯು ಸುಮಾರು ಐದೂವರೆ ಮಿಲಿಮೀಟರ್ ಆದರೂ ಅಗಲವಿರಬೇಕು. ಹಾವಿನಂತೆ ಸುರುಳಿಯಾಗಿದ್ದರೆ, ಸುತ್ತಲೂ ಸುಣ್ಣಗಟ್ಟಿದ್ದರೆ ಅಷ್ಟಿದ್ದರೂ ಅಪಾಯವೇ. ಆ ದಾರಿ ಆಗದೆಂದು ಚಿತ್ರ ಹೇಳಿದರೆ ಭುಜದ ಬಳಿಯ ಅಥವಾ ಕುತ್ತಿಗೆಯ ಧಮನಿಯನ್ನು ಆರಿಸುತ್ತಾರೆ. ಕೆಲವೊಮ್ಮೆ, ಎದೆ ತೆರೆಯುವ ಹಳೆಯ ಶಸ್ತ್ರಚಿಕಿತ್ಸೆಯೇ ಲೇಸೆಂದು ತೀರ್ಮಾನವಾಗುವುದೂ ಉಂಟು. ಚಿತ್ರದಿಂದ ಮತ್ತೊಂದು ಉಪಕಾರವಿದೆ. ಚಿಕಿತ್ಸೆಯ ದಿನ ಕ್ಷ-ಕಿರಣದ ಯಂತ್ರವನ್ನು ಯಾವ ಕೋನದಲ್ಲಿ ಓರೆಯಾಗಿಸಿದರೆ ಮೂರು ಎಸಳುಗಳ ಕೆಳತುದಿಗಳು ಪರದೆಯ ಮೇಲೆ ಒಂದೇ ಸಾಲಿನಲ್ಲಿ ಕಾಣುವುವೆಂಬುದನ್ನು ಕಂಪ್ಯೂಟರು ಮುಂಚೆಯೇ ಲೆಕ್ಕಹಾಕಿ ಕೊಡುತ್ತದೆ. ಆ ಸಾಲೇ ಮಸುಕು ನೆರಳಿನಲ್ಲಿ ವೈದ್ಯನಿಗಿರುವ ಗುರುತು.

ಇಷ್ಟಾದರೂ ಚಿತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸುಣ್ಣದ ಗಂಟು ಚಿತ್ರದಲ್ಲಿ ಇದ್ದುದಕ್ಕಿಂತ ದೊಡ್ಡದಾಗಿ ಅರಳಿ ಕಾಣುತ್ತದೆ. ದ್ವಾರದ ಅಂಚು ಎಲ್ಲಿ, ಗಂಟು ಎಲ್ಲಿ ಎಂದು ಗೆರೆ ಎಳೆಯುವುದು ನೋಡುವವನ ಅನುಭವಕ್ಕೆ ಬಿಟ್ಟದ್ದು. ಬಡಿತ ಏರುಪೇರಾಗಿದ್ದರೆ ಚಿತ್ರವೇ ಕಲಸಿಹೋಗುತ್ತದೆ. ಅಯೋಡಿನ್ ದ್ರವವು ದುರ್ಬಲವಾದ ಮೂತ್ರಪಿಂಡಗಳಿಗೆ ತೊಂದರೆ ಕೊಡಬಹುದಾದ್ದರಿಂದ ವೃದ್ಧರಲ್ಲಿ ಅದನ್ನು ಎಣಿಸಿ ಕೊಡಬೇಕು. ಆದ್ದರಿಂದ ಹೃದಯವೈದ್ಯ, ಶಸ್ತ್ರವೈದ್ಯ, ಅರಿವಳಿಕೆ ನೀಡುವವನು ಮತ್ತು ಚಿತ್ರಗಳನ್ನು ಓದುವವನು ಒಟ್ಟಿಗೆ ಕುಳಿತು ಚಿತ್ರವನ್ನು ಚರ್ಚಿಸಿದ ಬಳಿಕವೇ ಕವಾಟವನ್ನು ನಿಶ್ಚಯಿಸುವ ಪದ್ಧತಿ ಬೆಳೆದಿದೆ.

ಅಳತೆ ಸೂಕ್ಷ್ಮವಾದಂತೆ ಕವಾಟಗಳ ಗಾತ್ರಗಳೂ ಸೂಕ್ಷ್ಮವಾಗಬೇಕಾಯಿತು. ದ್ವಾರದ ಕ್ಷೇತ್ರಫಲ 430 ಚದರ ಮಿಲಿಮೀಟರ್ ಇರುವವನಿಗೆ 415ರ ಕವಾಟ ಸಡಿಲ, 531ರದು ತೀರ ಬಿಗಿ. ಗುಜರಾತಿನ ವಾಪಿಯಲ್ಲಿ ಮೆರಿಲ್ ಸಂಸ್ಥೆ ತಯಾರಿಸುವ ಮೈವಾಲ್ ಎಂಬ ಕವಾಟಕ್ಕೆ 2018ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಅದರಲ್ಲಿ 23 ಮತ್ತು 26ರ ನಡುವೆ 24.5 ಮಿಲಿಮೀಟರಿನ ಗಾತ್ರವೂ ಇದೆ. ಇದು ತುಂಬುವುದು ಸುಮಾರು 471 ಚದರ ಮಿಲಿಮೀಟರ್. ಆ ರೋಗಿಗೆ ಇದು ಹೊಂದುತ್ತದೆ.

ಮೊದಲು ಅತಿ ವೃದ್ಧರಿಗಷ್ಟೇ ಮೀಸಲಾಗಿದ್ದ ಈ ಚಿಕಿತ್ಸೆ ಈಗ ಅರುವತ್ತು ಎಪ್ಪತ್ತರ ಆಸುಪಾಸಿನವರಿಗೂ ದೊರೆಯುತ್ತಿದೆ. ಪ್ರಾಣಿಯ ಪೊರೆಯಿಂದ ಮಾಡಿದ ಎಸಳುಗಳು ಹತ್ತು ಹದಿನೈದು ವರ್ಷಗಳಲ್ಲಿ ಸವೆಯುವುದುಂಟು. ಆಗ ಮೊದಲ ಜಾಲರಿಯೊಳಗೆ ಮತ್ತೊಂದು ಜಾಲರಿಯನ್ನು ಅರಳಿಸಬೇಕಾಗುತ್ತದೆ. ಎರಡನೆಯದು ಅರಳಿದಾಗ ಮೊದಲನೆಯದರ ಎಸಳುಗಳು ಮೇಲಕ್ಕೆ ಒತ್ತಿಕೊಂಡು, ಜಾಲರಿಯ ಸುತ್ತ ಮುಚ್ಚಿದ ಗೋಡೆಯಾಗುತ್ತವೆ. ಆ ಗೋಡೆಗೂ ಕರೊನರಿ ಧಮನಿಯ ಬಾಯಿಗೂ ನಡುವೆ ನಾಲ್ಕು ಮಿಲಿಮೀಟರಿನಷ್ಟು ಎಡೆಯೂ ಉಳಿಯದಿದ್ದರೆ ಎರಡನೆಯ ಕವಾಟವನ್ನು ಇಡುವುದು ಅಪಾಯಕರ. ಹೀಗಾಗಿ ಅರುವತ್ತೈದರ ರೋಗಿಯೊಬ್ಬನ ಚಿತ್ರವನ್ನು ಮುಂದಿಟ್ಟುಕೊಂಡ ವೈದ್ಯರು ಇಂದು ಇಡಬೇಕಾದ ಕವಾಟವನ್ನು ಮಾತ್ರವಲ್ಲ, ಆತನಿಗೆ ಎಂಬತ್ತಾದಾಗ ಇಡಬೇಕಾಗಬಹುದಾದ ಕವಾಟವನ್ನೂ ಅದೇ ಚಿತ್ರದೊಳಗೆ ಕಂಪ್ಯೂಟರಿನಿಂದ ಬರೆಸಿ, ಆ ಎಡೆ ಎಷ್ಟು ಉಳಿಯುವುದೆಂದು ಅಳೆದು ನೋಡುತ್ತಾರೆ.